ಅಕ್ಕನ ಮಗನ ಮೇಲೆ ಗಾಂಜಾ ಕೇಸ್, ಶಿಕ್ಷೆ ಎಷ್ಟು ಅಂತ ಕೋರ್ಟ್ ಯಾವುದರ ಮೇಲೆ ತೀರ್ಮಾನ ಮಾಡುತ್ತೆ?

ಸೋಮವಾರಪೇಟೆ_ಮಾವ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ, 21 ವರ್ಷ, ಮೈಸೂರಲ್ಲಿ ಬಿಕಾಂ ಕೊನೇ ವರ್ಷ. ಇಬ್ಬರು ಫ್ರೆಂಡ್ಸ್ ಜೊತೆ ಕಾರಲ್ಲಿ ಊರಿಗೆ ಬರ್ತಾ ಇದ್ದಾಗ ಕುಶಾಲನಗರ ದಾಟಿದ ಮೇಲೆ ಚೆಕ್ ಮಾಡಿ ಹಿಡಿದಿದ್ದಾರೆ. ಡಿಕ್ಕಿಲಿದ್ದ ಬ್ಯಾಗಲ್ಲಿ 1 ಕೆಜಿ 180 ಗ್ರಾಂ ಗಾಂಜಾ ಅಂತ ಮಹಜರಲ್ಲಿ ಬರೆದಿದೆ. ಮೂವರ ಮೇಲೂ ಕೇಸ್. ಬ್ಯಾಗ್ ನಂದಲ್ಲ ಮಾವ ಅಂತಾನೆ, ಆದ್ರೆ ಒಂದು ವರ್ಷದಿಂದ ಸೇದ್ತಿದ್ದೆ ಅಂತ ನನ್ನ ಹತ್ರ ಒಪ್ಕೊಂಡ. ಹಿಂದೆ ಯಾವ ಕೇಸೂ ಇಲ್ಲ. ಅಕ್ಕ ಊಟ ಬಿಟ್ಟು ಕೂತಿದ್ದಾಳೆ, ಭಾವ ಮಾತೇ ಆಡ್ತಿಲ್ಲ. ಊರಲ್ಲಿ ಒಬ್ಬರು ಹತ್ತು ವರ್ಷ ಗ್ಯಾರಂಟಿ ಅಂತಾರೆ, ಇನ್ನೊಬ್ಬರು ದಂಡ ಕಟ್ಟಿ ಬಂದ್ಬಿಡ್ತಾನೆ ಬಿಡಿ ಅಂತಾರೆ. ಮೊದಲ ಸಲ ಅನ್ನೋದು, ವಯಸ್ಸು, ಓದ್ತಿರೋದು, ಇದನ್ನೆಲ್ಲ ಜಡ್ಜ್ ನೋಡ್ತಾರಾ? ಗೊತ್ತಿರೋರು ದಯವಿಟ್ಟು ಹೇಳಿ.

ಕರಿಮೆಣಸು_ಬಳ್ಳಿ
ಮೊದಲು ವಕೀಲರನ್ನ ಇಟ್ಕೊಳ್ಳಿ ಅಣ್ಣ. ಮತ್ತೆ ಹುಡುಗನ ಹೆಸರು, ಕಾರ್ ನಂಬರ್, ಕಾಲೇಜು ಯಾವುದನ್ನೂ ಇಲ್ಲಿ ಹಾಕ್ಬೇಡಿ.

ಗೋಣಿಕೊಪ್ಪ_ಬಾಯ್
1 ಕೆಜಿ ಒಳಗಿದ್ರೆ ಕೇಸೇ ಇಲ್ಲ ಅಂತ ಕೇಳಿದೀನಿ. 180 ಗ್ರಾಂ ಜಾಸ್ತಿ ಆಗಿದ್ದಕ್ಕೆ ಸಿಕ್ಕಾಕೊಂಡ ಪಾಪ.

ಕರಿಕೋಟು_ಮಡಿಕೇರಿ
ಈ ಮಾತನ್ನ ದಯವಿಟ್ಟು ಹಬ್ಬಿಸ್ಬೇಡಿ, ಇದನ್ನ ನಂಬ್ಕೊಂಡು ಹಾಳಾದ ಹುಡುಗರನ್ನ ನೋಡಿದೀನಿ. ಹತ್ತು ಗ್ರಾಂ ಇದ್ರೂ ಕೇಸೇ.

ಕಾಯ್ದೆ 1985ರದ್ದು, ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತುಗಳ ಕಾಯ್ದೆ. 2001ರ ತಿದ್ದುಪಡಿಯಿಂದ ತೂಕದ ಮೇಲೆ ಮೂರು ಹಂತ ಬಂತು. ಗಾಂಜಾಕ್ಕೆ 1 ಕೆಜಿವರೆಗೆ ಸಣ್ಣ ಪ್ರಮಾಣ, ಶಿಕ್ಷೆ ಒಂದು ವರ್ಷದವರೆಗೆ ಅಥವಾ 10 ಸಾವಿರದವರೆಗೆ ದಂಡ ಅಥವಾ ಎರಡೂ. (2014ಕ್ಕೆ ಮುಂಚೆ ಇದು ಆರು ತಿಂಗಳಿತ್ತು.) 1 ಕೆಜಿ ದಾಟಿ 20 ಕೆಜಿ ಒಳಗೆ ಇದ್ರೆ ಮಧ್ಯದ ಹಂತ, ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. 20 ಕೆಜಿ ದಾಟಿತು ಅಂದ್ರೆ ಕಮರ್ಷಿಯಲ್ (ವಾಣಿಜ್ಯ ಪ್ರಮಾಣ), ಅಲ್ಲಿ ಕಡಿಮೆ ಅಂದ್ರೂ ಹತ್ತು ವರ್ಷ, ಹೆಚ್ಚು ಅಂದ್ರೆ ಇಪ್ಪತ್ತು, ದಂಡ ಒಂದರಿಂದ ಎರಡು ಲಕ್ಷ.

ನಿಮ್ಮ ಹುಡುಗ ಈಗ ಕಾಗದದ ಮೇಲೆ ಮಧ್ಯದ ಹಂತದಲ್ಲಿದ್ದಾನೆ. ಇಲ್ಲಿ "ವರೆಗೆ" ಅನ್ನೋ ಪದ ನೋಡಿ. ಇಷ್ಟು ಕೊಡಲೇಬೇಕು ಅನ್ನೋ ಕನಿಷ್ಠ ಇಲ್ಲ. ಅದಕ್ಕೇ ಹತ್ತು ವರ್ಷ ಗ್ಯಾರಂಟಿ ಅನ್ನೋರೂ ತಪ್ಪು, ದಂಡ ಕಟ್ಟಿ ಬರ್ತಾನೆ ಅನ್ನೋರೂ ತಪ್ಪು. ಎಷ್ಟು ಅಂತ ಜಡ್ಜ್ ವಿವೇಚನೆ, ಆ ವಿವೇಚನೆಗೆ ಏನೇನು ಬರುತ್ತೆ ಅಂತ ಸಂಜೆ ಕೂತು ಬರೀತೀನಿ, ಈಗ ಕೋರ್ಟಿದೆ.

ಹಾರಂಗಿ_ತೀರ
ಬರೀ ಗಾಂಜಾಕ್ಕೆ ಇಷ್ಟು ದೊಡ್ಡ ಶಿಕ್ಷೆನಾ? ದೇವಸ್ಥಾನದ ಜಾತ್ರೇಲಿ ಬಂಗಿ ಕುಡಿಯೋರಿಲ್ವಾ?

ಕಾಲೇಜ್_ಮೇಷ್ಟ್ರು
ಬಂಗಿ ಬೇರೆ, ಗಾಂಜಾ ಬೇರೆ. ಕಾಯ್ದೇಲಿ ಗಾಂಜಾ ಅಂದ್ರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ, ಬೀಜ ತುದಿ ಜೊತೆ ಇಲ್ಲದೆ ಇದ್ರೆ ಅದು ಗಾಂಜಾದ ವ್ಯಾಖ್ಯೆಗೆ ಬರಲ್ಲ. 2022ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಆದೇಶದಲ್ಲಿ ಬಂಗಿ ಎನ್‌ಡಿಪಿಎಸ್ ಒಳಗೆ ಬರಲ್ಲ ಅಂತ ಹೇಳಿದೆ.

ಮಹಜರ್_ಸಾಕ್ಷಿ
ಮೇಷ್ಟ್ರು ಹೇಳಿದ್ದು ಈ ಕೇಸಿಗೆ ತುಂಬಾ ಮುಖ್ಯ. ನಾನು ಒಂದು ಕೇಸಲ್ಲಿ ಪಂಚನಾಗಿ (ಮಹಜರಿಗೆ ಸಾಕ್ಷಿಯಾಗಿ) ನಿಂತಿದ್ದೆ, ನಮ್ಮ ಅಂಗಡಿ ಮುಂದೆನೇ ಹಿಡಿದಿದ್ರು ಅದಕ್ಕೆ ಕರೆದ್ರು. ಎಲೆಕ್ಟ್ರಾನಿಕ್ ತಕ್ಕಡಿ ತಂದು ಟೇಬಲ್ ಮೇಲಿಟ್ಟು ಮೊದಲು ಕವರ್ ಸಮೇತ ತೂಗಿದ್ರು, ಆಮೇಲೆ ಸೊಪ್ಪನ್ನ ಪೇಪರ್ ಮೇಲೆ ಸುರಿದು ಖಾಲಿ ಕವರ್ ತೂಗಿ ಅದನ್ನ ಕಳೆದ್ರು, ಎರಡೂ ಲೆಕ್ಕ ಬರೆದ್ರು. ಬಟ್ಟೆ ಚೀಲಕ್ಕೆ ಹಾಕಿ ಹೊಲಿದು ಅರಗು ಕರಗಿಸಿ ಸೀಲ್ ಒತ್ತಿದ್ರು, ಚೀಟಿ ಮೇಲೆ ನನ್ನ ಸಹಿ ತಗೊಂಡ್ರು. ಸುಮಾರು ಕಾಲ ಆದ್ಮೇಲೆ ಕೋರ್ಟಲ್ಲಿ ಆ ಕಡೆ ವಕೀಲರು ನನ್ನನ್ನ ಕೇಳಿದ್ದು ಬರೀ ಇದನ್ನೇ. ತಕ್ಕಡಿ ಯಾರದ್ದು, ಕವರ್ ಎಷ್ಟು ತೂಕ ಇತ್ತು, ಕಡ್ಡಿ ಇತ್ತಾ, ಬೀಜ ಇತ್ತಾ, ಒದ್ದೆ ಇತ್ತಾ ಒಣಗಿತ್ತಾ. ಅವತ್ತು ನಂಗೆ ಯಾಕಪ್ಪ ಇಷ್ಟೊಂದು ಕೇಳ್ತಾರೆ ಅನ್ಸಿತ್ತು. ಇಲ್ಲಿ 180 ಗ್ರಾಂ ನೋಡಿದ್ರೆ ಅರ್ಥ ಆಗುತ್ತೆ.

ಅಣ್ಣ, ಆ 1 ಕೆಜಿ 180 ಗ್ರಾಂ ಕವರ್ ಸೇರಿಸಿನಾ ಬಿಟ್ಟಾ, ಮೊದಲು ಅದನ್ನ ನೋಡಿ.

ಸೋಮವಾರಪೇಟೆ_ಮಾವ
ಮಹಜರಿನ ಕಾಪಿ ಇನ್ನೂ ಪೂರ್ತಿ ಓದಿಲ್ಲ ಸಾರ್, ಫೋನಲ್ಲಿ ಫೋಟೋ ಇದೆ. "ಪ್ಲಾಸ್ಟಿಕ್ ಕವರ್‌ನಲ್ಲಿದ್ದ ಹೂವು, ಎಲೆ, ಬೀಜ, ಕಡ್ಡಿ ಮಿಶ್ರಿತ ಗಾಂಜಾ" ಅಂತ ಇದೆ. ಕವರ್ ತೂಕ ಬೇರೆ ಬರೆದ ಹಾಗೆ ಕಾಣ್ತಿಲ್ಲ.

ಗೋಣಿಕೊಪ್ಪ_ಬಾಯ್
ಹಂಗಾದ್ರೆ ಒಂದು ಕೆಜಿ ಒಳಗೆ ಬಂತಲ್ಲ!

ಹೈವೇ_275
ಅಷ್ಟು ಸುಲಭ ಇಲ್ಲ. 2020ರಲ್ಲಿ ಹೀರಾ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಬೆರಕೆ ಸೇರಿಸಿ ಪೂರ್ತಿ ತೂಕನೇ ಲೆಕ್ಕ ಅಂತ ಹೇಳಿದೆ. 2008ರಲ್ಲಿ ಶುದ್ಧ ಮಾಲು ಎಷ್ಟೋ ಅಷ್ಟೇ ಲೆಕ್ಕ ಅಂತ ಇತ್ತು, ಅದನ್ನ ತೆಗೆದುಹಾಕಿದ್ರು. ಇದನ್ನ ಮರೆತು ವಾದ ಮಾಡಿದ್ರೆ ಪ್ರಯೋಜನ ಇಲ್ಲ.

ಕರಿಕೋಟು_ಮಡಿಕೇರಿ
ಆ ತೀರ್ಪು ಹೆರಾಯಿನ್‌ಗೆ ಪೌಡರ್ ಬೆರೆಸಿ ಮಾರೋ ಥರದ ಮಿಶ್ರಣದ ಬಗ್ಗೆ. ಗಾಂಜಾದಲ್ಲಿ ಪ್ರಶ್ನೆ ಬೇರೆ, ಯಾವುದನ್ನ ಗಾಂಜಾ ಅಂತ ಕರೀಬೇಕು ಅನ್ನೋದೇ ಕಾಯ್ದೇಲಿ ಬರೆದಿದೆ. ಎಲೆ ತುದಿಗೆ ಅಂಟಿಕೊಂಡೇ ಇದ್ರೆ ಅದೂ ಸೇರುತ್ತೆ, ಬಿಡಿಯಾಗಿ ಉದುರಿದ ಎಲೆ, ಬೀಜ ಆದ್ರೆ ವಾದ ಮಾಡೋಕೆ ಜಾಗ ಇದೆ. ಪ್ಲಾಸ್ಟಿಕ್ ಕವರ್ ಅಂತೂ ಯಾವ ಲೆಕ್ಕದಲ್ಲೂ ಗಾಂಜಾ ಅಲ್ಲ. ಗಡಿ ಹತ್ತಿರದ ತೂಕ ಆದ್ರಿಂದ ಇದೇ ಇಲ್ಲಿ ದೊಡ್ಡ ವಿಷಯ, ಒಂದು ವರ್ಷದ ಮಿತಿನಾ ಹತ್ತು ವರ್ಷದ ಮಿತಿನಾ ಅನ್ನೋದು ಇದರ ಮೇಲೆ ನಿಂತಿದೆ. ಆದ್ರೆ ಗೆದ್ದೇಬಿಟ್ವಿ ಅನ್ಕೋಬೇಡಿ, ಎಫ್ಎಸ್ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರಬೇಕು, ಮ್ಯಾಜಿಸ್ಟ್ರೇಟ್ ಮುಂದೆ 52ಎ ಸೆಕ್ಷನ್ ಪ್ರಕಾರ ತೂಗಿ ಸ್ಯಾಂಪಲ್ ತೆಗೆದಾಗ ಎಷ್ಟು ಬಂತು ಅದನ್ನೂ ನೋಡ್ಬೇಕು.

ಮಾಜಿ_ಸುಬೇದಾರ್
ನಂಗೆ ಕೋಪ ಬರುತ್ತೆ ಇದನ್ನೆಲ್ಲ ಓದಿದ್ರೆ. ಗ್ರಾಂ ಲೆಕ್ಕ, ಕವರ್ ಲೆಕ್ಕ. ಒಂದು ಕೆಜಿ ಮಾಲು ಒಬ್ಬ ಸೇದೋಕೆ ತಗೊಂಡು ಬರ್ತಾನಾ? ನಮ್ಮ ಊರಿನ ಹುಡುಗರು ಸೈನ್ಯಕ್ಕೆ ಸೇರ್ತಿದ್ರು, ಹಾಕಿ ಆಡ್ತಿದ್ರು. ಈಗ ಸಂಜೆ ಮೇಲೆ ಗ್ರೌಂಡ್ ಹಿಂದೆ ಹೋದ್ರೆ ವಾಸನೆ. ಕಠಿಣ ಶಿಕ್ಷೆ ಕೊಟ್ರೇನೇ ಉಳಿದವರಿಗೆ ಬುದ್ಧಿ ಬರೋದು. ತಂದೆ ತಾಯಿ ಮೇಲೆ ನಂಗೂ ಕನಿಕರ ಇದೆ, ಆದ್ರೆ ಆ ಮಾಲು ಊರಿಗೆ ಬಂದಿದ್ರೆ ಇನ್ನೆಷ್ಟು ಮನೆ ಮಕ್ಕಳ ಕೈಗೆ ಹೋಗ್ತಿತ್ತು ಅಂತ ಯೋಚನೆ ಮಾಡಿ.

ಕಕ್ಕಬ್ಬೆ_ಜೇನು
ಮಾಲು ತರೋದು ಹೊರಗಿನೋರು. ಟೂರಿಸ್ಟುಗಳು, ಇಲ್ಲ ತೋಟಕ್ಕೆ ಬರೋ ಅಸ್ಸಾಮಿನೋರು. ನಮ್ಮ ಮಕ್ಕಳನ್ನ ಹಾಳು ಮಾಡಿದ್ದೇ ಅವರು.

ಲೈನ್‌ಮನೆ_ರೈಟರ್
ಕಕ್ಕಬ್ಬೆಯವರೇ, ಈ ಮಾತು ಬಿಡಿ. ನಾನು ತೋಟದಲ್ಲಿ ರೈಟರ್ ಕೆಲಸ ಮಾಡ್ತೀನಿ, ಅಸ್ಸಾಮಿನ ಕುಟುಂಬಗಳು ನಮ್ಮ ಲೈನಲ್ಲಿ (ಕಾರ್ಮಿಕರ ಸಾಲುಮನೇಲಿ) ಇದ್ದಾರೆ. ಕಾಫಿ ಕುಯ್ಲಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಗಂಡ ಹೆಂಡತಿ ಇಬ್ಬರೂ ದುಡೀತಾರೆ. ಈ ಥ್ರೆಡ್ಡಲ್ಲಿ ಸಿಕ್ಕಿರೋದು ನಮ್ಮೂರಿನ ಹುಡುಗ, ಮೈಸೂರಿಂದ ಬರ್ತಿದ್ದ ಕಾರು. ಒಂದು ಊರಿನ ಜನದ ಮೇಲೆ ಎಲ್ಲ ಹಾಕ್ಬಿಟ್ರೆ ನಮ್ಮ ಮನೇಲಿ ಏನಾಗ್ತಿದೆ ಅಂತ ನೋಡೋರ್ಯಾರು?

ಇನ್ನೊಂದು ವಿಷಯ ತೋಟದೋರಿಗೆಲ್ಲ. ಒಂದ್ಸಲ ಲೈನ್ ಹಿಂದೆ ಹಸಿಮೆಣಸಿನ ಗಿಡದ ಮಧ್ಯ ಸೊಂಟದೆತ್ತರದ ಎರಡು ಗಿಡ ನೋಡಿದೆ, ನೀರು ಹಾಕಿ ಬುಡಕ್ಕೆ ತರಗು ಮುಚ್ಚಿ ಚೆನ್ನಾಗಿ ಸಾಕಿದ್ರು. ನೆಟ್ಟಿದ್ದು ಯಾರು ಅಂದ್ಕೊಂಡ್ರಿ, ಇದೇ ಊರಿನ ಟ್ರ್ಯಾಕ್ಟರ್ ಡ್ರೈವರ್. ಸಾಹುಕಾರರಿಗೆ ಹೇಳಿದೆ, ಅವರು ಅವತ್ತೇ ಪೊಲೀಸಿಗೆ ಫೋನ್ ಮಾಡಿದ್ರು.

ಕರಿಕೋಟು_ಮಡಿಕೇರಿ
ಸಾಹುಕಾರರು ಸರಿಯಾಗೇ ಮಾಡಿದ್ರು. 46ನೇ ಸೆಕ್ಷನ್ ಪ್ರಕಾರ ಜಮೀನಿನವರು ತಮ್ಮ ಜಾಗದಲ್ಲಿ ಗಾಂಜಾ ಗಿಡ ಕಂಡ್ರೆ ತಕ್ಷಣ ತಿಳಿಸ್ಬೇಕು, ಗೊತ್ತಿದ್ದೂ ಸುಮ್ಮನಿದ್ರೆ ಅದೇ ಅಪರಾಧ. ಮತ್ತೆ ಬೆಳೆಯೋದಕ್ಕೆ ಈ ಸಣ್ಣ ಪ್ರಮಾಣ ದೊಡ್ಡ ಪ್ರಮಾಣ ಅನ್ನೋ ಹಂತನೇ ಇಲ್ಲ, ಹತ್ತು ವರ್ಷದವರೆಗೆ ಶಿಕ್ಷೆ ಅಂತ ಒಂದೇ ಮಾತು. ಕುಂಡದಲ್ಲಿ ಒಂದು ಗಿಡ ಇಟ್ರೂ ಅದೇ ಸೆಕ್ಷನ್.

ಹೋಮ್‌ಸ್ಟೇ_ಆಂಟಿ
ಅಯ್ಯೋ ನಮಗೂ ಇದೇ ಭಯ. ಗೆಸ್ಟ್ ರೂಮಲ್ಲಿ ಏನಾದ್ರೂ ಸಿಕ್ರೆ ನಮ್ಮನ್ನೂ ಎಳೀತಾರಾ?

ಹೈವೇ_275
ಗೊತ್ತಿದ್ದೂ ಬಿಟ್ರೆ ಹೌದು, 25ನೇ ಸೆಕ್ಷನ್. ಮನೆ, ರೂಮು, ಗಾಡಿ ಯಾವುದನ್ನಾದ್ರೂ ಗೊತ್ತಿದ್ದೂ ಕೊಟ್ರೆ ಮುಖ್ಯ ಆರೋಪಿಗೆ ಏನು ಶಿಕ್ಷೆಯೋ ಅದೇ. ಐಡಿ ಪ್ರೂಫ್, ರಿಜಿಸ್ಟರ್ ಸರಿಯಾಗಿಡಿ, ಅನುಮಾನ ಬಂದ್ರೆ ಪೊಲೀಸಿಗೆ ಹೇಳಿ. ಮತ್ತೆ ತೂಕ ಒಂದೊಂದಕ್ಕೆ ಒಂದೊಂದು ಥರ ಅನ್ನೋದು ನೆನಪಿರಲಿ. ಎಂಡಿಎಂಎ (ರಾಸಾಯನಿಕ ಡ್ರಗ್) ಅರ್ಧ ಗ್ರಾಂವರೆಗೆ ಸಣ್ಣದು, 10 ಗ್ರಾಂ ದಾಟಿದ್ರೆ ಕಮರ್ಷಿಯಲ್. ಚರಸ್ 100 ಗ್ರಾಂ, 1 ಕೆಜಿ. ಹೆರಾಯಿನ್ 5 ಗ್ರಾಂ, 250 ಗ್ರಾಂ. ಅಂದ್ರೆ 19 ಕೆಜಿ ಗಾಂಜಾ ಮೂಟೆ ಹೊತ್ತವನು ಮಧ್ಯದ ಹಂತದಲ್ಲಿರ್ತಾನೆ, ಜೇಬಲ್ಲಿ 12 ಗ್ರಾಂ ಎಂಡಿಎಂಎ ಇಟ್ಕೊಂಡ ಕಾಲೇಜ್ ಹುಡುಗನಿಗೆ ಕನಿಷ್ಠ ಹತ್ತು ವರ್ಷ. ಹುಡುಗರಿಗೆ ಇದು ಗೊತ್ತೇ ಇಲ್ಲ.

ಕುಟ್ಟ_ಗಡಿ
ವಿಷಯ ಬಿಟ್ಟು ಕೇಳ್ತಿದೀನಿ, ಮಾಕುಟ್ಟ ರೋಡಲ್ಲಿ ಲಾರಿ ಬಿಡ್ತಿದಾರಾ ಈಗ? ಇರಿಟ್ಟಿಗೆ ಲೋಡ್ ಹೋಗ್ಬೇಕು.

ಕರಿಮೆಣಸು_ಬಳ್ಳಿ
ಅದಕ್ಕೆ ಬೇರೆ ಥ್ರೆಡ್ ಮಾಡಿ ಅಣ್ಣ, ಇಲ್ಲಿ ಒಂದು ಮನೆ ಕಷ್ಟ ಮಾತಾಡ್ತಿದೀವಿ.

ಕರಿಕೋಟು_ಮಡಿಕೇರಿ
ಸಂಜೆ ಬರೀತೀನಿ ಅಂದಿದ್ದು. ಉದ್ದ ಆಗುತ್ತೆ.

ಮಾವನವರೇ, ಶಿಕ್ಷೆಗೆ ಮುಂಚೆ ಅಪರಾಧ ಸಾಬೀತಾಗ್ಬೇಕು ಅನ್ನೋದು ಮೊದಲು. ಕಾರಲ್ಲಿ ಮೂವರಿದ್ರು, ಬ್ಯಾಗ್ ಡಿಕ್ಕಿಲಿತ್ತು. ಇವನಿಗೆ ಅದರಲ್ಲಿ ಏನಿದೆ ಅಂತ ಗೊತ್ತಿತ್ತಾ ಅನ್ನೋದೇ ಪ್ರಶ್ನೆ. ಕಷ್ಟ ಏನಂದ್ರೆ 35 ಮತ್ತೆ 54ನೇ ಸೆಕ್ಷನ್‌ಗಳು ಹೊರೆಯನ್ನ ಆರೋಪಿ ಮೇಲೆ ಹಾಕುತ್ತೆ, ಮಾಲು ಇವನ ಸ್ವಾಧೀನದಲ್ಲಿತ್ತು ಅಂತ ಒಮ್ಮೆ ತೋರಿಸಿದ್ರೆ ಗೊತ್ತಿರಲಿಲ್ಲ ಅಂತ ಇವನೇ ತೋರಿಸ್ಬೇಕು. 2003ರಲ್ಲಿ ಮದನ್ ಲಾಲ್ ಕೇಸಲ್ಲಿ ಒಂದೇ ಕಾರಲ್ಲಿದ್ದವರಿಗೆ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿ ಶಿಕ್ಷೆ ಎತ್ತಿಹಿಡಿದಿದೆ. ಅದಕ್ಕೆ ಬ್ಯಾಗ್ ಯಾರದ್ದು, ಅದರಲ್ಲಿ ಯಾರ ಬಟ್ಟೆ, ಯಾರ ಐಡಿ ಕಾರ್ಡ್ ಇತ್ತು, ಫೋನಲ್ಲಿ ಯಾರು ಯಾರಿಗೆ ಏನು ಮೆಸೇಜ್ ಮಾಡಿದ್ರು, ದುಡ್ಡು ಯಾರ ಖಾತೆಯಿಂದ ಹೋಗಿದೆ, ಇದೆಲ್ಲ ಲೆಕ್ಕಕ್ಕೆ ಬರುತ್ತೆ.

ಅಪರಾಧಿ ಅಂತ ಆದ್ಮೇಲೆ ಶಿಕ್ಷೆ ಎಷ್ಟು ಅಂತ ಬೇರೆ ವಿಚಾರಣೆ ಇರುತ್ತೆ, ಹಿಂದೆ ಸಿಆರ್‌ಪಿಸಿ (ಹಳೇ ಕ್ರಿಮಿನಲ್ ವಿಚಾರಣಾ ಸಂಹಿತೆ) 235(2), ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 258. ಎಷ್ಟೋ ಮನೆಯವರು ಅವತ್ತು ಖಾಲಿ ಕೈಯಲ್ಲಿ ಬರ್ತಾರೆ, ನಮ್ಮ ವಕೀಲರೂ ಕೆಲವರು "ಬಡವ ಸ್ವಾಮಿ, ಕರುಣೆ ತೋರಿ" ಅಂತ ಎರಡು ಮಾತು ಹೇಳಿ ಕೂತ್ಕೋತಾರೆ. ನಂಗೆ ಇದು ನೋವು ಕೊಡುತ್ತೆ. ವಯಸ್ಸು, ಓದು, ಹಿಂದೆ ಕೇಸಿಲ್ಲ, ಈಗಾಗ್ಲೇ ಎಷ್ಟು ದಿನ ಜೈಲಲ್ಲಿದ್ದ, ಚಿಕಿತ್ಸೆ ತಗೊಂಡನಾ, ಮೂವರಲ್ಲಿ ಇವನ ಪಾತ್ರ ಏನು, ಎಲ್ಲದಕ್ಕೂ ಕಾಗದ ಇಡ್ಬೇಕು. ಮಧ್ಯದ ಹಂತದಲ್ಲಿ ಕನಿಷ್ಠ ಇಲ್ಲದಿರೋದ್ರಿಂದ ಇವುಗಳಿಗೆ ಬೆಲೆ ಇದೆ.

ಹೆಚ್ಚು ಮಾಡೋ ಅಂಶಗಳು 32ಬಿ ಸೆಕ್ಷನ್‌ನಲ್ಲಿವೆ. ಅದು ಕನಿಷ್ಠಕ್ಕಿಂತ ಹೆಚ್ಚು ಕೊಡೋವಾಗ ನೋಡೋಕೆ ಬರೆದದ್ದು, ಆದ್ರೂ ಸರ್ಕಾರಿ ವಕೀಲರು ಬೇರೆ ಕೇಸಲ್ಲೂ ಅದೇ ಅಂಶಗಳನ್ನ ಎತ್ತುತ್ತಾರೆ: ಆಯುಧ ತೋರಿಸಿದ್ನಾ, ಸರ್ಕಾರಿ ಹುದ್ದೆ ದುರುಪಯೋಗ ಮಾಡಿದ್ನಾ, ಚಿಕ್ಕ ಮಕ್ಕಳನ್ನ ಬಳಸಿದ್ನಾ, ಶಾಲೆ ಕಾಲೇಜು ಒಳಗೆ ಅಥವಾ ಪಕ್ಕದಲ್ಲಿ ನಡೀತಾ, ಗ್ಯಾಂಗ್ ಜೊತೆ ಇದ್ನಾ. ಇವಷ್ಟೇ ಅಲ್ಲ, ಮಾಲಿನ ಪ್ರಮಾಣವನ್ನೂ ನೋಡ್ಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. 2021ರ ಗುರುದೇವ್ ಸಿಂಗ್ ತೀರ್ಪಲ್ಲಿ 1 ಕೆಜಿ ಹೆರಾಯಿನ್‌ಗೆ 15 ವರ್ಷ ಉಳಿಸಿದ್ರು, ನಾನು ಬಡವ, ಬರೀ ಸಾಗಿಸೋನು ಅಂದಿದ್ದನ್ನ ಒಪ್ಪಲಿಲ್ಲ. ಹಾಗಾಗಿ ಸುಮ್ಮನೆ ಕಣ್ಣೀರು ಹಾಕಿದ್ರೆ ಆಗಲ್ಲ.

ಎರಡನೇ ಸಲ ಸಿಕ್ಕಿದ್ರೆ 31ನೇ ಸೆಕ್ಷನ್, ಗರಿಷ್ಠ ಶಿಕ್ಷೆನೇ ಒಂದೂವರೆ ಪಟ್ಟು. ಇದನ್ನ ಹುಡುಗನಿಗೆ ಎದುರು ಕೂರಿಸ್ಕೊಂಡು ಹೇಳಿ.

ಮಾಜಿ_ಸುಬೇದಾರ್
ಮೊದಲ ತಪ್ಪು ಅಂದ್ರೆ ಬುದ್ಧಿ ಹೇಳಿ ಬಿಡೋ ಕಾನೂನು ಇದೆಯಲ್ಲ, ಪ್ರೊಬೇಷನ್. ಕೊನೆಗೆ ಅದರಲ್ಲಿ ಬಿಟ್ಬಿಡ್ತಾರೆ ನೋಡಿ.

ಹೈವೇ_275
ಇಲ್ಲ ಸಾರ್, ಎನ್‌ಡಿಪಿಎಸ್‌ನಲ್ಲಿ 33ನೇ ಸೆಕ್ಷನ್ ಅದಕ್ಕೆ ತಡೆ ಹಾಕಿದೆ. 18 ವರ್ಷದೊಳಗಿನವರಿಗೆ, ಇಲ್ಲ ಸೇವನೆಯ 27ನೇ ಸೆಕ್ಷನ್ ಅಥವಾ ಲೈಸೆನ್ಸ್‌ದಾರರ ತಪ್ಪಿನ 26ರಲ್ಲಿ ಶಿಕ್ಷೆ ಆದವರಿಗೆ ಬಿಟ್ರೆ ಪ್ರೊಬೇಷನ್ ಇಲ್ಲ. ಸಣ್ಣ ಪ್ರಮಾಣ ಇಟ್ಕೊಂಡಿದ್ದ ಅಂತ ಗಾಂಜಾದ 20ನೇ ಸೆಕ್ಷನ್‌ನಲ್ಲಿ ಶಿಕ್ಷೆ ಆದ್ರೂ ಇಲ್ಲ. ಅದಕ್ಕೇ ಚಾರ್ಜ್ ಶೀಟಲ್ಲಿ ಯಾವ ಸೆಕ್ಷನ್ ಹಾಕ್ತಾರೆ ಅನ್ನೋದು ಇಷ್ಟು ಮುಖ್ಯ.

ಆಸ್ಪತ್ರೆ_ಅಕ್ಕ
ನಾನು ನರ್ಸ್, ಕಾನೂನು ಹೇಳಲ್ಲ. ಅಣ್ಣ, ಹುಡುಗ ಒಂದು ವರ್ಷದಿಂದ ಸೇದ್ತಿದ್ದ ಅಂದ್ರಲ್ಲ, ಹೊರಗೆ ಬಂದ ತಕ್ಷಣ ಚಿಕಿತ್ಸೆ ಶುರು ಮಾಡಿಸಿ. ನಿದ್ದೆ ಬರಲ್ಲ, ಊಟ ಸೇರಲ್ಲ, ಸಣ್ಣ ಮಾತಿಗೂ ರೇಗ್ತಾನೆ, ಅದನ್ನ ಸೊಕ್ಕು ಅಂತ ತಿಳ್ಕೊಂಡು ಹೊಡೀಬೇಡಿ. ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಮಾನಸಿಕ ವಿಭಾಗಕ್ಕೆ ಕರ್ಕೊಂಡು ಹೋಗಿ, ಹೆಚ್ಚಿನದು ಬೇಕಾದ್ರೆ ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. 14446ಕ್ಕೆ ಫೋನ್ ಮಾಡಿದ್ರೂ ಎಲ್ಲಿ ಹೋಗ್ಬೇಕು ಅಂತ ಹೇಳ್ತಾರೆ. ಅಮ್ಮನಿಗೂ ಯಾರಾದ್ರೂ ಊಟ ಮಾಡ್ಸಿ ಪ್ಲೀಸ್.

ಕರಿಕೋಟು_ಮಡಿಕೇರಿ
ಅಕ್ಕ ಹೇಳಿದ್ದಕ್ಕೆ ಕಾನೂನಿನ ಬೆಂಬಲನೂ ಇದೆ. 64ಎ ಪ್ರಕಾರ ವ್ಯಸನಿ ಆದವನು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಲ್ಲಿ ತಾನಾಗಿ ಚಿಕಿತ್ಸೆಗೆ ಬಂದ್ರೆ ಕೇಸಿಂದಲೇ ವಿನಾಯಿತಿ ಸಿಗೋ ದಾರಿ ಇದೆ, ಚಿಕಿತ್ಸೆ ಅರ್ಧಕ್ಕೆ ಬಿಟ್ರೆ ವಿನಾಯಿತಿ ಹೋಗುತ್ತೆ. 39ರಲ್ಲಿ ಶಿಕ್ಷೆ ಆದ್ಮೇಲೂ ಜೈಲಿನ ಬದಲು ಚಿಕಿತ್ಸೆಗೆ ಕಳಿಸ್ಬಹುದು, ಅದೂ ಸೇವನೆ ಅಥವಾ ಸಣ್ಣ ಪ್ರಮಾಣಕ್ಕೆ ಮಾತ್ರ. ಮತ್ತೆ ನೋಡಿ, ಎಲ್ಲ ಬಂದು ನಿಲ್ಲೋದು ಆ 1 ಕೆಜಿ ಗೆರೆ ಮೇಲೆ.

ಕಾಲೇಜ್_ಮೇಷ್ಟ್ರು
ಸುಬೇದಾರರೇ, ನಿಮ್ಮ ಮಾತಿಗೆ ಗೌರವ ಇಟ್ಟೇ ಹೇಳ್ತೀನಿ. ಮಾರೋನನ್ನೂ ಸೇದೋನನ್ನೂ ಒಂದೇ ತಕ್ಕಡೀಲಿ ತೂಗೋದು ನಂಗೆ ಒಪ್ಪಿಗೆ ಇಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗ ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕಿದ್ದ, ದಂಡ ಕಟ್ಟಿ ಮುಗೀತು. ಆದ್ರೆ ಆಮೇಲೆ ಕಾಲೇಜಿಂದ ಟಿಸಿ ಕೊಟ್ರು, ಮನೆಯೋರು ಹೊರಗೆ ಹಾಕಿದ್ರು, ಅವನು ಈಗ ಎಲ್ಲಿದಾನೋ ಗೊತ್ತಿಲ್ಲ. ಕೋರ್ಟ್ ಕೊಟ್ಟ ಶಿಕ್ಷೆಗಿಂತ ನಾವು ಕೊಟ್ಟಿದ್ದೇ ದೊಡ್ಡದಾಯ್ತು. ಅವನಿಗೆ ಮಾಲು ಕೊಟ್ಟವನು ಯಾರು ಅಂತ ಒಬ್ಬರೂ ಹುಡುಕಲಿಲ್ಲ.

ಮಾಜಿ_ಸುಬೇದಾರ್
ಮೇಷ್ಟ್ರೇ, ಮಾರೋನನ್ನ ಹಿಡೀಬೇಕು ಅನ್ನೋದ್ರಲ್ಲಿ ನಮ್ಮಿಬ್ಬರಿಗೂ ಭೇದ ಇಲ್ಲ. ಹುಡುಗ ಯಾರ ಹತ್ರ ತಗೊಂಡ್ರು ಅಂತ ಬಾಯಿ ಬಿಡ್ಲಿ, ಆಗ ನಾನೇ ಅವನ ಪರ ನಿಲ್ತೀನಿ. ಚಿಕ್ಕ ಮಕ್ಕಳಿಗೆ ಮಾರೋರಿಗಂತೂ ಯಾವ ಕರುಣೆನೂ ಬೇಡ.

ಹೈವೇ_275
18ರ ಒಳಗಿನ ಮಗುವಿಗೆ ಕೊಟ್ರೆ ಬಾಲನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್ ಬೇರೆ ಇದೆ, ಏಳು ವರ್ಷದವರೆಗೆ. ಮಕ್ಕಳ ಕೈಲಿ ಮಾರ್ಸಿದ್ರೆ 78. ಬಾಯಿ ಬಿಡೋ ವಿಷಯ ವಕೀಲರನ್ನ ಕೇಳಿ ಮಾಡ್ಬೇಕು ಸಾರ್, ಪೊಲೀಸ್ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಲ್ಲಿ ಸಾಕ್ಷಿ ಆಗಲ್ಲ, ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋ) ಥರದ ಅಧಿಕಾರಿಗಳ ಮುಂದೆ ಎನ್‌ಡಿಪಿಎಸ್ 67ರಲ್ಲಿ ಕೊಟ್ಟ ತಪ್ಪೊಪ್ಪಿಗೆನೂ ನಡೆಯಲ್ಲ ಅಂತ 2020ರ ತೂಫಾನ್ ಸಿಂಗ್ ತೀರ್ಪಲ್ಲಿದೆ.

ಸೋಮವಾರಪೇಟೆ_ಮಾವ
ಎಲ್ಲರಿಗೂ ಕೈ ಮುಗೀತೀನಿ. ಸುಬೇದಾರ್ ಸಾರ್, ನಿಮ್ಮ ಕೋಪ ಅರ್ಥ ಆಗುತ್ತೆ, ಭಾವನೂ ಇದೇ ಮಾತಾಡಿದ್ರು. ಹುಡುಗ ಸೈನ್ಯಕ್ಕೆ ಹೋಗ್ಬೇಕು ಅಂತ ಬೆಳಿಗ್ಗೆ ಓಡ್ತಿದ್ದೋನು. ಈಗ ಜಾಮೀನಿನ ವಿಷಯ. ಶ್ಯೂರಿಟಿಗೆ ಆರ್‌ಟಿಸಿ ಕೇಳ್ತಿದಾರೆ, ನಮ್ಮದು ಜಮ್ಮ ಜಾಗ (ಕೊಡಗಿನ ವಂಶಪಾರಂಪರ್ಯ ಹಿಡುವಳಿ), ಪಹಣೀಲಿ ಅಜ್ಜನ ಕಾಲದ ಹೆಸರುಗಳೇ ಇವೆ, ನನ್ನ ಹೆಸರಿಲ್ಲ. ಏನು ಮಾಡೋದು?

ಲೈನ್‌ಮನೆ_ರೈಟರ್
ಇದು ನಮ್ಮ ಜಿಲ್ಲೆಯ ಎಲ್ಲರ ಗೋಳು. ನಮ್ಮ ತೋಟದ ಪಕ್ಕದೋರಿಗೂ ಹೀಗೇ ಆಗಿ ಕೊನೆಗೆ ಸರ್ಕಾರಿ ನೌಕರಿಲಿದ್ದ ಚಿಕ್ಕಪ್ಪನ ಸಂಬಳದ ಸರ್ಟಿಫಿಕೇಟ್ ಇಟ್ಟು ಬಿಡಿಸ್ಕೊಂಡು ಬಂದ್ರು.

ಕರಿಕೋಟು_ಮಡಿಕೇರಿ
ಸಂಬಂಧಿಕರಲ್ಲಿ ಯಾರದ್ದಾದ್ರೂ ಸ್ವಂತ ಹೆಸರಿನ ಸಾಗು ಜಮೀನಿನ ಆರ್‌ಟಿಸಿ, ಇಲ್ಲ ಮನೆ ಖಾತೆ ಇದ್ರೆ ಆಗುತ್ತೆ. ಆರ್ಡರಲ್ಲಿ ಏನು ಬರೆದಿದೆ ನೋಡಿ. ಸಮಾಧಾನದ ಮಾತು ಅಂದ್ರೆ 37ನೇ ಸೆಕ್ಷನ್‌ನ ಆ ಕಠಿಣ ಷರತ್ತು, ಆರೋಪಿ ತಪ್ಪು ಮಾಡಿಲ್ಲ ಅಂತ ಜಡ್ಜಿಗೆ ಮೇಲ್ನೋಟಕ್ಕೆ ಅನ್ನಿಸ್ಬೇಕು ಅನ್ನೋದು, ಕಮರ್ಷಿಯಲ್ ಪ್ರಮಾಣಕ್ಕೆ. ನಿಮ್ಮದಕ್ಕೆ ಮಾಮೂಲಿ ಜಾಮೀನಿನ ಅಳತೆ. ವಕೀಲರ ಫೀಸು ಕಷ್ಟ ಆದ್ರೆ ಮಡಿಕೇರಿಯಲ್ಲಿರೋ ಕೊಡಗು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಕಸ್ಟಡಿಯಲ್ಲಿರೋರಿಗೆ ಆದಾಯ ನೋಡದೆ ಉಚಿತ ವಕೀಲರನ್ನ ಕೊಡ್ತಾರೆ. ಫೋನ್ 15100.

ಮಹಜರ್_ಸಾಕ್ಷಿ
ಹುಡುಗನ ಜೇಬು ಚೆಕ್ ಮಾಡೋವಾಗ ಗೆಜೆಟೆಡ್ ಆಫೀಸರ್ ಇಲ್ಲ ಮ್ಯಾಜಿಸ್ಟ್ರೇಟ್ ಮುಂದೆ ಬೇಕಾ ಅಂತ ಕೇಳಿದ್ರಾ ಅದನ್ನೂ ಕೇಳಿ. 50ನೇ ಸೆಕ್ಷನ್ನು.

ಹೈವೇ_275
ಅದು ಮೈಮೇಲೆ ಹುಡುಕೋದಕ್ಕೆ ಮಾತ್ರ. ಬ್ಯಾಗಿಗೆ ಅನ್ವಯ ಆಗಲ್ಲ ಅಂತ 2005ರಲ್ಲೇ ತೀರ್ಪಾಗಿದೆ. ಇಲ್ಲಿ ಮಾಲು ಸಿಕ್ಕಿದ್ದು ಡಿಕ್ಕಿ ಬ್ಯಾಗಲ್ಲಿ, ಆ ವಾದದ ಮೇಲೆ ಆಸೆ ಇಟ್ಕೋಬೇಡಿ.

ಗೋಣಿಕೊಪ್ಪ_ಬಾಯ್
ನಂಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಈ ತೂಕದ ಲೆಕ್ಕ ನಮ್ಮ ಹಾಕಿ ಗ್ರೂಪಲ್ಲಿ ಹಾಕ್ತಿದೀನಿ, ಅಲ್ಲೂ ಒಂದು ಕೆಜಿ ಒಳಗೆ ಏನಾಗಲ್ಲ ಅನ್ನೋರೇ ಇದ್ದಾರೆ.

ಸೋಮವಾರಪೇಟೆ_ಮಾವ
ವಕೀಲರು ಸಿಕ್ಕಿದ್ರು. ಕವರ್ ತೂಕ ಬೇರೆ ಬರೆದಿಲ್ಲ ಅಂದ ತಕ್ಷಣ ಅವರೂ ಮಹಜರ್ ಇನ್ನೊಂದ್ಸಲ ಓದಿದ್ರು. 52ಎ ಆರ್ಡರಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ್ದೀವಿ. ಶ್ಯೂರಿಟಿಗೆ ನನ್ನ ಹೆಂಡತಿ ತಮ್ಮ ಒಪ್ಪಿದ್ದಾರೆ, ಅವರದ್ದು ಕುಶಾಲನಗರದಲ್ಲಿ ಸ್ವಂತ ಖಾತೆ ಮನೆ. ಆಸ್ಪತ್ರೆ ಅಕ್ಕ, ಮಾನಸಿಕ ವಿಭಾಗಕ್ಕೆ ಬರೋವಾಗ ಆಧಾರ್ ಬಿಟ್ಟು ಬೇರೆ ಏನಾದ್ರೂ ತರ್ಬೇಕಾ?

ಆಸ್ಪತ್ರೆ_ಅಕ್ಕ
ಆಧಾರ್ ಸಾಕು, ರೇಷನ್ ಕಾರ್ಡ್ ಇದ್ರೆ ಅದನ್ನೂ ತನ್ನಿ. ಬೆಳಿಗ್ಗೆ ಬೇಗ ಬಂದು ಓಪಿಡಿ ಚೀಟಿ ಮಾಡಿಸ್ಕೊಳ್ಳಿ, ಪ್ರತಿ ಸಲದ ಚೀಟಿನೂ ಒಂದು ಫೈಲಲ್ಲಿ ತಾರೀಕಿನ ಪ್ರಕಾರ ಇಟ್ಕೊಳ್ಳಿ, ನಾಳೆ ವಕೀಲರು ಕೇಳೋದು ಅದನ್ನೇ.